ನಿಮ್ಮಜ್ಜಿ ಬಂದ ಆ ಒಂದು ಸಾಲು

ಪ್ರೀತಿಯ ತಮ್ಮ,

ನಿನ್ನ ವಿಮರ್ಶೆ ಮೂರು ಕಡೆಯಿಂದ ವಾಪಸ್ ಬಂತು, ಇನ್ನು ಬರೆಯುವುದೇ ಬೇಡ ಅನ್ನಿಸಿದೆ ಅಂದಿದ್ದೀಯ. ಅಂಥವು ನನ್ನ ಹತ್ತಿರ ಒಂದು ಟ್ರಂಕ್ ತುಂಬ ಇವೆ. ಕಾಗುಣಿತ, ಶೀರ್ಷಿಕೆ ಎಲ್ಲ ಬೇರೆ ಯಾರನ್ನಾದರೂ ಕೇಳಿಕೋ.

ನನಗೆ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಶಿಕಾಗೋದ ಬೀದಿಗಳಲ್ಲಿ ಗ್ಯಾಂಗುಗಳ ಹೊಡೆದಾಟ ತಡೆಯುವವರ ಬಗ್ಗೆ ಸ್ಟೀವ್ ಜೇಮ್ಸ್ ಮಾಡಿದ ಡಾಕ್ಯುಮೆಂಟರಿ 'ದಿ ಇಂಟರಪ್ಟರ್ಸ್' ಮೇಲೆ ಎರಡು ಪುಟ ಬರೆದಿದ್ದೀಯ. ಒಂದೂವರೆ ಪುಟ ಬೇರೆಯವರು ಹೇಳಿದ್ದು. 2011ರಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ತೋರಿಸಿದರು, ವಿಮರ್ಶಕರು ಹೊಗಳಿದರು, ಆಸ್ಕರ್‌ನ ಮೊದಲ ಪಟ್ಟಿಗೂ ಬರಲಿಲ್ಲ, ಗಲಾಟೆಯಾಯಿತು. ಅದೇ ಜೇಮ್ಸ್‌ನ 1994ರ 'ಹೂಪ್ ಡ್ರೀಮ್ಸ್'ಗೂ ಡಾಕ್ಯುಮೆಂಟರಿ ವಿಭಾಗದಲ್ಲಿ ಹೀಗೇ ಆಗಿತ್ತು. ಎಲ್ಲ ನಿಜ. ಹುಡುಗಿಯನ್ನು ನೋಡಿ ಬಾ ಅಂದರೆ ಜಾತಕ ಓದಿ ಬಂದ ಹಾಗಾಯಿತು.

ಕ್ಷೌರದಂಗಡಿಯ ದೃಶ್ಯ ನೆನಪಿದೆಯಾ? ಜೈಲಿನಿಂದ ಬಂದ ಹುಡುಗ, ತಾನೇ ದರೋಡೆ ಮಾಡಿದ್ದ ಅಂಗಡಿಗೆ ಹೋಗಿ ಕ್ಷಮೆ ಕೇಳುತ್ತಾನೆ. ಅವತ್ತು ಮಕ್ಕಳ ಜೊತೆ ಅಲ್ಲಿದ್ದ ಹೆಂಗಸು, ತನಗೇನಾಯಿತು ಅಂತ ಅವನ ಮುಖಕ್ಕೇ ಹೇಳುತ್ತಾಳೆ. ಇದಕ್ಕೆ ನೀನು ಕೊಟ್ಟದ್ದು ಒಂದೇ ಪದ, 'ಮನಕಲಕುವ'. ಕಲಕಿದ್ದು ಅವನ ಮಾತಾ, ಅವಳದ್ದಾ? ಕ್ಯಾಮೆರಾ ಇಲ್ಲದಿದ್ದರೆ ಅವನು ಹೋಗುತ್ತಿದ್ದನಾ ಅಂತ ಒಮ್ಮೆಯೂ ಅನುಮಾನ ಬರಲಿಲ್ವಾ? ನನಗೆ ಬಂತು. ಇನ್ನೂ ಹೋಗಿಲ್ಲ.

ಹಿಂಸೆ ಸೋಂಕಿನ ಹಾಗೆ ಹರಡುತ್ತದೆ ಅನ್ನುವ, ಈ ತಡೆಯುವ ಕೆಲಸ ಶುರುಮಾಡಿದ ಡಾಕ್ಟರ್ ಗ್ಯಾರಿ ಸ್ಲಟ್ಕಿನ್ ಮಾತನ್ನೂ ಹಾಗೇ ನುಂಗಿದ್ದೀಯ. ಅವರು ಕ್ಷಯ, ಕಾಲರಾ ಜೊತೆ ಗುದ್ದಾಡಿದವರು, ಸರಿ. ಕೆಲಸವೇ ಇಲ್ಲದ ಬೀದಿಗೂ ಅದೇ ಔಷಧ ಸಾಕಾ ಅಂತ ಕೇಳಬೇಕಿತ್ತು, ಅಲ್ವಾ?

ಒಂದು ಸಾಲಿಗೆ ಮಾತ್ರ ಪೆನ್ಸಿಲ್‌ನಲ್ಲಿ ಗೆರೆ ಎಳೆದೆ. ಜಗಳ ತಡೆಯುವವರಲ್ಲಿ ಒಬ್ಬಳಾದ ಅಮೀನಾ ಮ್ಯಾಥ್ಯೂಸ್ ಹುಡುಗರ ಗುಂಪಿನೊಳಗೆ ನುಗ್ಗಿ ಮಾತಾಡುವುದು, ನಿಮ್ಮಜ್ಜಿ ಬೀದಿ ನಲ್ಲಿಯ ಜಗಳ ಬಿಡಿಸಿದ ಹಾಗಿತ್ತು ಅಂದೆಯಲ್ಲ, ಅದು. ಮುಂದಿನ ಸಾಲಿನಲ್ಲೇ 'ಈ ಹೋಲಿಕೆ ಅಷ್ಟು ಸರಿಯಲ್ಲವೇನೋ' ಅಂತ ಹಿಂದೆ ಸರಿದೆ. ಯಾಕೋ ಮಾರಾಯ?

ಮೂವತ್ತು ವರ್ಷದ ಹಿಂದೆ ಒಬ್ಬ ಸಂಪಾದಕರು ಸಂಜೆಯೊಳಗೆ ವಿಮರ್ಶೆ ಬೇಕು ಅಂದರು. ಸಿನಿಮಾ ನೋಡಿರಲಿಲ್ಲ. ನಾಲ್ಕು ಪತ್ರಿಕೆ ಓದಿ ಬರೆದುಕೊಟ್ಟೆ. ಎಲ್ಲರೂ ಮೆಚ್ಚಿದರು, ಸಂಪಾದಕರಂತೂ ವರ್ಷಗಟ್ಟಲೆ ಅದನ್ನೇ ಎತ್ತಿ ಆಡಿದರು. ಆಮೇಲೆ ಸಿನಿಮಾ ನೋಡಿದೆ. ನಾನು ಕೊಂಡಾಡಿದ್ದ ಕೊನೆಯ ದೃಶ್ಯಕ್ಕೆ ಆಕಳಿಕೆ ಬಂತು. ಆ ಪೇಪರ್ ತುಂಡು ಇವತ್ತಿಗೂ ಟ್ರಂಕ್‌ನಲ್ಲಿದೆ. ಹೆಂಡತಿಗೂ ಹೇಳಿಲ್ಲ.

ಇನ್ನೊಮ್ಮೆ ನೋಡು. ಫೋನ್ ಪಕ್ಕದ ರೂಮಿನಲ್ಲಿಡು. ಹೊಸದು ಬರೆದು ಕಳಿಸು, ನಾನು ಬೈದರೂ ಪರವಾಗಿಲ್ಲ. ಅಜ್ಜಿಯನ್ನು ಮಾತ್ರ ತೆಗೆಯಬೇಡ.

ನಿನ್ನ,
ಅಣ್ಣ