ಮಗಳ ನಿದ್ದೆ ಕಾದವರಿಗೆ

ಮಗಳು ಎಸ್‌ಎಸ್‌ಎಲ್‌ಸಿ ಪಾಸಾದಳು. 625ಕ್ಕೆ 487. ಅಂಕಪಟ್ಟಿಯಲ್ಲಿ ಇರುವುದು ಅವಳೊಬ್ಬಳ ಹೆಸರು. ಜೊತೆಗಿದ್ದವರ ಹೆಸರನ್ನೆಲ್ಲ ಇಲ್ಲಿ ಬರೆಯಬೇಕೆಂದಿದ್ದೆ, ಕೇಳಿದರೆ ಎಲ್ಲರೂ ಬೇಡವೇ ಬೇಡ ಅಂದರು. ಮಗಳು ಮಾತ್ರ, 'ಫಿಟ್ಸ್ ಅಂತಾನೇ ಬರಿ ಅಮ್ಮ, ಮುಚ್ಚಿಡೋಕೆ ಏನಿದೆ' ಅಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ನಿಮ್ಹಾನ್ಸ್‌ನ ವೈದ್ಯೆಗೆ. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಅವರು ಅವಸರ ಮಾಡಲಿಲ್ಲ. 'ಬೆಳಿಗ್ಗೆ ಎದ್ದ ಹೊತ್ತಲ್ಲಿ ಕೈ ತಟ್ಟನೆ ಎಗರುತ್ತಾ? ಕೈಲಿರೋದು ಬೀಳುತ್ತಾ?' ಎಂದು ಕೇಳಿದರು. ಉತ್ತರ ಕೊಟ್ಟವನು ಚಿಕ್ಕ ಮಗ: 'ಹೂಂ, ಹಾಲಿನ ಲೋಟ ಬೀಳಿಸ್ತಾಳೆ.' ಆ ಒಂದು ಮಾತಿನ ಮೇಲೆ, ಆಮೇಲೆ ಮಿದುಳಿನ ಅಲೆ ತೋರಿಸುವ ಇಇಜಿ ಪರೀಕ್ಷೆ ನೋಡಿ, ಹದಿಹರೆಯದಲ್ಲಿ ಶುರುವಾಗುವ, ಕೈ ಹೀಗೆ ಎಗರುವ ಮೂರ್ಛೆರೋಗ, ಮಯೋಕ್ಲೋನಿಕ್ ಎಪಿಲೆಪ್ಸಿ ಎಂದರು. ಹೆಣ್ಣುಮಗು, ವಾಲ್‌ಪ್ರೋಯೇಟ್ ಎಂಬ ಮಾತ್ರೆಯಿಂದ ಮುಂದೆ ಗರ್ಭಿಣಿಯಾದಾಗ ಹೊಟ್ಟೆಯ ಮಗುವಿಗೆ ತೊಂದರೆ, ಅದು ಬೇಡ ಎಂದು ಲೆವೆಟಿರಾಸಿಟಮ್ ಎಂಬ ಮಾತ್ರೆ ಬರೆದುಕೊಟ್ಟರು. ಮಾತ್ರೆಯಷ್ಟೇ ಮುಖ್ಯ ನಿದ್ದೆ ಎಂದು ಒತ್ತಿ ಹೇಳಿದರು. ಈ ಕಾಯಿಲೆ ಇದ್ದವರಿಗೆ ನಿದ್ದೆಗೆಡುವುದೇ ದೊಡ್ಡ ಶತ್ರುವಂತೆ.

ಹತ್ತನೇ ತರಗತಿಯಲ್ಲಿ ನಿದ್ದೆ ಎಲ್ಲಿಂದ ತರುವುದು? ನಮ್ಮ ಕಡೆ ಮೇಷ್ಟ್ರುಗಳು ಬೆಳಗಿನ ಜಾವ ಐದಕ್ಕೆ ಫೋನ್ ಮಾಡಿ ಮಕ್ಕಳನ್ನು ಓದಲು ಎಬ್ಬಿಸುತ್ತಾರೆ. ಅದು ಅವರ ಪ್ರೀತಿ, ಎಷ್ಟೋ ಮಕ್ಕಳು ಅದರಿಂದಲೇ ದಡ ಸೇರಿದ್ದಾರೆ. ವಿಜ್ಞಾನದ ಮೇಡಂ ಮಾತ್ರ ನನ್ನ ಮಗಳ ನಂಬರನ್ನು ಆ ಪಟ್ಟಿಯಿಂದ ತೆಗೆದು, ರಾತ್ರಿ ಒಂಬತ್ತೂವರೆಗೆ ಫೋನ್ ಮಾಡುತ್ತಿದ್ದರು. 'ಪುಸ್ತಕ ಮುಚ್ಚಿದ್ಯಾ? ಮಾತ್ರೆ ಆಯ್ತಾ? ಮಲಗು ಪುಟ್ಟಿ.' ಇಷ್ಟೇ ಮಾತು, ಪರೀಕ್ಷೆ ಮುಗಿಯುವವರೆಗೂ. ಬೆಳಗಿನ ವಿಶೇಷ ತರಗತಿಯಲ್ಲಿ ಹೇಳಿಕೊಟ್ಟಿದ್ದನ್ನು ಮಧ್ಯಾಹ್ನ ಊಟದ ಬಿಡುವಿನಲ್ಲಿ ಮತ್ತೆ ಹೇಳಿಕೊಡುತ್ತಿದ್ದರು. ಮೇಡಂ, ನಿಮ್ಮ ಊಟ ಎಷ್ಟು ಸಲ ತಣ್ಣಗಾಗಿದೆಯೋ.

ಪರೀಕ್ಷೆ ಹೊತ್ತಿಗೇ ಜಾತ್ರೆ. ದೇವಸ್ಥಾನದ ಮೈಕು ನಮ್ಮ ಮನೆ ಕಡೆಗೇ ತಿರುಗಿತ್ತು. ಅಜ್ಜಿ ಹೋಗಿ ಹುಡುಗರಿಗೆ ಹೇಳಿ ಬಂದರು. ಅವತ್ತಿನಿಂದ ರಾತ್ರಿ ಒಂಬತ್ತಾದರೆ ಮೈಕು ಬಂದ್. ಕೆಲವರು ಗೊಣಗಿದರಂತೆ, ಹುಡುಗರು ಕಿವಿಗೊಡಲಿಲ್ಲ. 'ಹೆಣ್ಣುಹುಡುಗಿ, ಹೀಗೆ ಊರಿಗೆಲ್ಲ ಗೊತ್ತಾದರೆ ನಾಳೆ ಮದುವೆ ಹೇಗೆ' ಎಂದವರಿಗೆ ಅಜ್ಜಿ, 'ಮೊದಲು ಅವಳು ಓದ್ಲಿ' ಅಂದು ಬಾಗಿಲಿಗೆ ಬಂದವರನ್ನು ಬಾಗಿಲಿಂದಲೇ ಕಳಿಸಿದ್ದೂ ಇದೆ.

ಡಿಸೆಂಬರಿನಲ್ಲಿ ಕ್ಲಾಸಿನಲ್ಲೇ ಫಿಟ್ಸ್ ಬಂತು. ಆಗ ಆ ಮಕ್ಕಳು ನಡೆದುಕೊಂಡ ರೀತಿ ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಯಾರೂ ಕಿರುಚಿಕೊಂಡು ಓಡಲಿಲ್ಲ. ಕೈಗೆ ಬೀಗದ ಕೈ ತುರುಕಲಿಲ್ಲ, ಮೂಗಿಗೆ ಈರುಳ್ಳಿ ಹಿಡಿಯಲಿಲ್ಲ, ಬಾಯಿಗೆ ಏನೂ ಹಾಕಲಿಲ್ಲ. ಮೇಡಂ ಮೊದಲೇ ಎಲ್ಲರಿಗೂ ಹೇಳಿಕೊಟ್ಟಿದ್ದರು. ಒಬ್ಬಳು ತನ್ನ ವೇಲು ಮಡಚಿ ತಲೆಯಡಿ ಇಟ್ಟಳು, ಇಬ್ಬರು ಬೆಂಚು ಸರಿಸಿದರು, ಅಲುಗಾಟ ನಿಂತ ಮೇಲೆ ಮಗ್ಗುಲಿಗೆ ಹೊರಳಿಸಿದರು. ಇನ್ನೊಬ್ಬಳು ಗೋಡೆ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಬೇಕೆಂದು ಅವಳಿಗೆ ಗೊತ್ತಿತ್ತು. ಎರಡೇ ನಿಮಿಷಕ್ಕೆ ನಿಂತಿತು. ಮಗಳಿಗೆ ಎಚ್ಚರವಾದಾಗ ಬಟ್ಟೆ ಒದ್ದೆಯಾಗಿತ್ತು. ಹುಡುಗಿಯರು ಸುತ್ತ ನಿಂತು ಮರೆ ಮಾಡಿ, ಅವಳಿಗೆ ಬೇರೆ ಬಟ್ಟೆ ಉಡಿಸಿ, ಮಾರನೇ ದಿನ ಏನೂ ಆಗದವರ ಹಾಗೆ ಅದೇ ಬೆಂಚಿನಲ್ಲಿ ಕೂರಿಸಿಕೊಂಡರು. ಮಕ್ಕಳೇ, ನಿಮ್ಮನ್ನು ಹೆತ್ತವರಿಗೂ ನನ್ನ ನಮಸ್ಕಾರ.

ಔಷಧಿ ಅಂಗಡಿಯವರು ಒಂದೇ ಕಂಪನಿಯ ಮಾತ್ರೆಯನ್ನು ಒಮ್ಮೆಯೂ ತಪ್ಪದಂತೆ ತರಿಸಿಟ್ಟರು. ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರು ವೈದ್ಯರ ಪತ್ರ ಓದಿ, ಅವಳಿಗೆ ಮಹಡಿ ಹತ್ತುವುದು ತಪ್ಪಿಸಿದರು. ಗಣಿತದ ದಿನ ಬೆಳಿಗ್ಗೆ ಎರಡು ಸಲ ಕೈ ಎಗರಿತ್ತು, ಕಳಿಸುವುದೋ ಬೇಡವೋ ಎಂದು ಗೇಟಿನ ಹತ್ತಿರ ನಿಂತಿದ್ದೆ. ಅಲ್ಲಿದ್ದ ನರ್ಸಮ್ಮ, ಫಿಟ್ಸ್ ಬಂದು ನಿಲ್ಲದಿದ್ದರೆ ಮೂಗಿಗೆ ಹೊಡೆಯುವ ಸ್ಪ್ರೇಯನ್ನು ನನ್ನ ಕೈಯಿಂದ ತೆಗೆದುಕೊಂಡು, 'ನಾನು ಇಲ್ಲೇ ಇರ್ತೀನಿ, ನೀವು ಹೋಗಿ ಕಾಫಿ ಕುಡೀರಿ' ಅಂದರು. ಮುಖ್ಯೋಪಾಧ್ಯಾಯರು, 'ಇದು ತಪ್ಪಿದರೆ ಪರೀಕ್ಷೆ-2 ಇದೆ, ಧೈರ್ಯವಾಗಿ ಬರಿ' ಎಂದು ಅವಳನ್ನು ಒಳಗೆ ಕಳಿಸಿದರು. ಗಣಿತದಲ್ಲಿ 71 ಬಂದಿದೆ, ಸರ್.

ಇನ್ನು ಪಿಯುಸಿ, ಕಾಮರ್ಸ್. ಹೊಸ ಕಾಲೇಜಿಗೆ ಕೊಡಲು ಒಂದು ಕಾಗದ ಬರೆಸಿದ್ದೇವೆ: ಮಾತ್ರೆಯ ಹೆಸರು, ಹೊತ್ತು, ಫಿಟ್ಸ್ ಬಂದರೆ ಏನು ಮಾಡಬೇಕು, ಏನು ಮಾಡಬಾರದು, ಯಾವಾಗ ಆಂಬ್ಯುಲೆನ್ಸ್ ಕರೆಯಬೇಕು. ಮೇಡಂ ಹೇಳಿದ್ದನ್ನೇ ಮಗಳು ತನ್ನ ಕೈಬರಹದಲ್ಲಿ ಬರೆದಿದ್ದಾಳೆ, ವೈದ್ಯರು ಓದಿ ಸಹಿ ಹಾಕಿದ್ದಾರೆ. ನಮ್ಮ ಸುತ್ತಮುತ್ತ ಯಾರ ಮನೆಯಲ್ಲಾದರೂ ಇಂಥ ಮಗು ಈ ವರ್ಷ ಹತ್ತಕ್ಕೆ ಹೋಗುತ್ತಿದ್ದರೆ ಸಂಕೋಚಪಡದೆ ಬನ್ನಿ. ಮೊದಲೆರಡು ಸಾಲು ನಿಮ್ಮ ವೈದ್ಯರು ಬದಲಿಸಿಕೊಡುತ್ತಾರೆ, ಉಳಿದದ್ದನ್ನು ಹಾಗೇ ಜೆರಾಕ್ಸ್ ಮಾಡಿಸಿಕೊಳ್ಳಬಹುದು.