ಗೂಬೆಕರಡಿಯ ಋಣ

ಮೊನ್ನೆ ಭಾನುವಾರ ನಮ್ಮ ಡಿ ಅಂಡ್ ಡಿ ಆಟಕ್ಕೆ ನೂರು ತುಂಬಿತು. ತುಮಕೂರಿನ ಎಸ್.ಎಸ್.ಪುರಂನಲ್ಲಿ, ಒಂದು ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಪೇಪರ್ ಬಂಡಲ್‌ಗಳ ಮಧ್ಯೆ ಚಾಪೆ ಹಾಸಿಕೊಂಡು ನೂರು ಸಲ ಕೂತಿದ್ದೇವೆ. ಅವತ್ತೇ ಎದ್ದು ನಿಂತು ಎಲ್ಲರಿಗೂ ಥ್ಯಾಂಕ್ಸ್ ಹೇಳಬೇಕು ಅಂದುಕೊಂಡಿದ್ದೆ. ಆಗಲಿಲ್ಲ. ಸಂಜೆ ಹೊತ್ತಿಗೆ ನನ್ನ ಗಂಟಲು ಈಗಲೂ ಸುಸ್ತಾಗುತ್ತದೆ. ಜೊತೆಗೆ ಅಳು ಬಂದುಬಿಟ್ಟಿತು. ಅದಕ್ಕೇ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದರು. ಒಬ್ಬರು ಕಥೆ ನಡೆಸುತ್ತಾರೆ, ಅವರೇ ಡಿಎಂ, ಅಂದರೆ ಡಂಜನ್ ಮಾಸ್ಟರ್. ನಮ್ಮಲ್ಲಿ ಅದು ನಾನು. ಉಳಿದವರು ಒಂದೊಂದು ಪಾತ್ರ ಹಾಕುತ್ತಾರೆ. ಕಷ್ಟದ ಕೆಲಸಕ್ಕೆ ಕೈ ಹಾಕಿದರೆ 20 ಮುಖದ ದಾಳ ಉರುಳಿಸಬೇಕು. ದಾರಿಗೆ ಅಡ್ಡ ಬರುವ ಮಾನ್‌ಸ್ಟರ್‌ಗಳೆಲ್ಲ ಡಿಎಂ ಬಾಯಿಂದಲೇ ಬರಬೇಕು. ಅವು ಗುರುಗುಟ್ಟಬೇಕಾದರೆ ನಾನೇ ಗುರುಗುಟ್ಟಬೇಕು.

ನಾನು ಹೈಸ್ಕೂಲು ಮೇಷ್ಟ್ರು. ವಾರಕ್ಕೆ ಆರು ದಿನ ಐವತ್ತೈದು ಮಕ್ಕಳ ಕ್ಲಾಸು, ಭಾನುವಾರ ಆಟದ ಟ್ರೋಲ್ ಅನ್ನುವ ದೈತ್ಯರ ಅಬ್ಬರ. ಹೋದ ವರ್ಷ ದಸರಾ ರಜೆ ಮುಗಿಯುವ ಹೊತ್ತಿಗೆ ದನಿ ಒಡೆಯಿತು. ಶೀತ ಇರಬೇಕು ಅಂತ ಕಷಾಯ ಕುಡಿದೆ. ತಿಂಗಳಾದರೂ ಸರಿಹೋಗಲಿಲ್ಲ. ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿದಾಗ ಧ್ವನಿತಂತುವಿನ ಮೇಲೆ ಪಾಲಿಪ್ ಇತ್ತು. ಒಂದು ಸಣ್ಣ ಗಂಟು, ಅಷ್ಟೇ. ಆಪರೇಷನ್ ಆಯಿತು. ಆಮೇಲೆ ಮಾತು ಪೂರ್ತಿ ಬಂದ್. ಪಿಸುಗುಟ್ಟುವುದೂ ಬೇಡ, ಅದರಿಂದಲೂ ಗಂಟಲಿಗೆ ಶ್ರಮ ಅಂದರು.

ನಾನಿದ್ದ ಶಾಲೆಯವರು ವರ್ಷದ ಕೊನೆವರೆಗೆ ಕಾಯಲಿಲ್ಲ. ಮಾತಾಡಲಾಗದ ಮೇಷ್ಟ್ರನ್ನು ಇಟ್ಟುಕೊಂಡು ಏನು ಮಾಡೋದು ಅಂದರು. ಇನ್ನು ಕೆಲವರು ಆಟದ ಮೇಲೆ ಗೂಬೆ ಕೂರಿಸಿದರು. ದೆವ್ವ ಭೂತದ ಆಟ ಆಡಿಸೋಕೆ ಹೋಗಿ ಗಂಟಲು ಕಳಕೊಂಡ ಅಂತ. ಆ ಮಾತು ಒಳಗೆ ಎಲ್ಲೋ ಕೂತುಬಿಟ್ಟಿತು.

ಆಟ ನಿಲ್ಲಿಸೋಣ ಅಂತ ತೀರ್ಮಾನ ಮಾಡಿಕೊಂಡೇ ಆ ಭಾನುವಾರ ಹೋಗಿದ್ದೆ. ಮನೆಯಲ್ಲೇ ಸ್ಲೇಟಿನ ಮೇಲೆ ಬರೆದಿಟ್ಟುಕೊಂಡಿದ್ದೆ: 'ಇವತ್ತಿಗೆ ಸಾಕು. ಎಲ್ಲರೂ ಚೆನ್ನಾಗಿರಿ.' ಆಟಕ್ಕೆ ಬರುವ ತಿಪಟೂರಿನ ಹುಡುಗಿ ಅದನ್ನು ಓದಿದಳು. ಏನೂ ಹೇಳಲಿಲ್ಲ. ಅಂಗೈಯಿಂದ ಉಜ್ಜಿ ಅಳಿಸಿ, ಬಳಪ ತಗೊಂಡು ಬರೆದಳು: 'ಮಾನ್‌ಸ್ಟರ್ ನಾವು ಹೇಳ್ತೀವಿ. ನೀವು ದಾಳ ಹಾಕಿ ಸರ್.' ಅವಳ ಅಂಗೈಯೆಲ್ಲ ಬಿಳಿ ಆಗಿತ್ತು. ಆ ಕೈ ನನ್ನ ಕಣ್ಣಿಗೆ ಈಗಲೂ ಕಟ್ಟಿದ ಹಾಗಿದೆ.

ಹೇಳ್ತೀವಿ ಅಂದರು ಸರಿ, ಏನು ಹೇಳುವುದು? ಆಟದ ಮಾನ್‌ಸ್ಟರ್ ಪುಸ್ತಕದಲ್ಲಿ ಔಲ್‌ಬೇರ್ ಅಂತ ಒಂದಿದೆ. ಕರಡಿ ಮೈ, ಗೂಬೆ ತಲೆ. ನಾವು ಗೂಬೆಕರಡಿ ಅನ್ನುತ್ತೇವೆ. ನಮ್ಮ ಹತ್ತಿರ ಇರುವ 2014ರ ಪುಸ್ತಕದ ಪ್ರಕಾರ ಅದಕ್ಕೆ 59 ಪ್ರಾಣಾಂಕ (ಏಟು ಬಿದ್ದಂತೆ ಇಳಿಯುವ ಜೀವದ ಲೆಕ್ಕ), ರಕ್ಷಣೆ 13 (ಏಟು ತಾಗಲು ದಾಳದ ಲೆಕ್ಕ ಇಷ್ಟಾದರೂ ಬರಬೇಕು), ಒಂದು ಸರದಿಯಲ್ಲಿ ಕೊಕ್ಕಿನ ಏಟು ಒಂದು, ಪಂಜದ ಏಟು ಒಂದು. ಇದೆಲ್ಲ ಹುಡುಗರಿಗೆ ಬಾಯಿಪಾಠ. ಆದರೆ ಇದು ಈ ಕಾಡಲ್ಲಿ ಯಾಕಿದೆ, ಇದಕ್ಕೆ ಯಾರ ಮೇಲೆ ಕೋಪ ಅಂದರೆ ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ನನ್ನ ಗಂಟಲಿನ ಅಬ್ಬರದಲ್ಲಿ ಕಥೆ ಇಲ್ಲದ್ದೇ ಕಾಣಿಸಿರಲಿಲ್ಲ.

ದಾರಿ ತೋರಿಸಿದ್ದು ಅಜ್ಜಿ. ಜೆರಾಕ್ಸ್ ಅಂಗಡಿ ಅಣ್ಣನ ತಾಯಿ. ಅವತ್ತು ಬಾಗಿಲ ಹತ್ತಿರ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಪುಸ್ತಕದಲ್ಲಿ ರಾಕ್ಷಸನ ಚಿತ್ರ ಇದೆ ಅಂತ ಹುಡುಗರು ತೋರಿಸಿದರು. ಈ ಆಟಕ್ಕೆ ರಾಕ್ಷಸ ಬಂದಿದ್ದು 1975ರಲ್ಲಿ. ಹುಲಿ ತಲೆ, ಹಿಂದುಮುಂದಾದ ಅಂಗೈ. ಮಂತ್ರಿಸಿದ ಬಾಣ ತಾಗಿದರೆ ಸಾಯುತ್ತಾನೆ ಅನ್ನುವ ಹಳೇ ನಿಯಮ ಅಮೆರಿಕದ ಒಂದು ಟಿವಿ ಧಾರಾವಾಹಿಯಿಂದ ತಗೊಂಡಿದ್ದು, ನಮ್ಮ ಪುರಾಣದಿಂದಲ್ಲ. ಅಜ್ಜಿ ಚಿತ್ರ ನೋಡಿ ಪುಸ್ತಕ ವಾಪಸ್ ಕೊಟ್ಟರು.

"ಇವನೆಂಥ ರಾಕ್ಷಸ? ತಪಸ್ಸೆಲ್ಲಿ? ವರ ಕೊಟ್ಟೋರು ಯಾರು? ಹಿರಣ್ಯಕಶಿಪು ನೋಡಪ್ಪ, ಒಳಗೂ ಸಾಯಬಾರ್ದು ಹೊರಗೂ ಸಾಯಬಾರ್ದು ಅಂದ, ಹೊಸಿಲು ಮರ್ತ. ಹಗಲೂ ಬೇಡ ರಾತ್ರಿನೂ ಬೇಡ ಅಂದ, ಮುಸ್ಸಂಜೆ ಮರ್ತ. ಏನು ಕೇಳ್ದ, ಏನು ಕೇಳೋದು ಮರ್ತ, ಅಷ್ಟು ಹೇಳ್ರಿ. ಕಥೆ ತಾನೇ ಬರುತ್ತೆ."

ಹೀಗಂದು ಮತ್ತೆ ಅವರೆಕಾಯಿಗೆ ಕೈ ಹಾಕಿದರು. ನಾನು ಸ್ಲೇಟಿನ ಮೇಲೆ ಆ ಎರಡು ಪ್ರಶ್ನೆ ಬರೆದೆ. ಏನು ಕೇಳಿತು? ಏನು ಕೇಳಲು ಮರೆತಿತು? ಅವತ್ತಿನಿಂದ ನಮ್ಮ ನೋಟ್‌ಬುಕ್ಕಿನಲ್ಲಿ ಪ್ರತಿ ಮಾನ್‌ಸ್ಟರ್ ಪುಟ ಈ ಎರಡು ಸಾಲಿನಿಂದಲೇ ಶುರು. ಮೊದಲು ಬರೆದಿದ್ದು ಆ ರಾಕ್ಷಸನದೇ. ಪುಸ್ತಕದ ನಿಯಮದಂತೆ ಆರನೇ ಮಟ್ಟದವರೆಗಿನ ಮಂತ್ರ ಯಾವುದೂ ಅವನಿಗೆ ತಾಗುವುದಿಲ್ಲ. ನಮ್ಮವನಿಗೆ ಹೊಸಿಲ ಮೇಲೆ ನಿಂತಾಗ ಮಾತ್ರ ಆ ರಕ್ಷೆ ಇಲ್ಲ. ಬದಲಾಗಿದ್ದು ಇಷ್ಟೇ. ಆಡುವವರು ಅವನನ್ನು ಹೊಸಿಲಿಗೆ ಕರೆತರಲು ಒಂದೂವರೆ ಗಂಟೆ ಒದ್ದಾಡಿದರು. ಕುಂಕುಮಕ್ಕೆ ಕರೆದರು, ಜಗಳ ತೆಗೆದರು, ಕೊನೆಗೆ ಅವನ ಚಪ್ಪಲಿ ಕದ್ದರು.

ಕಥೆ ಬದಲಿಸಿದರೆ ಸಾಲದು, ಆ ಕಥೆಯಿಂದ ಆಟ ಬದಲಾಗಬೇಕು. ಇದನ್ನು ನಾನು ಮಾತಿಲ್ಲದೆ ಕೂತಾಗಲೇ ಕಲಿತಿದ್ದು.

ಟ್ರೋಲ್‌ನ ಪುಟ ಪಾವಗಡದ ಹುಡುಗನದು. ಎಷ್ಟು ಹೊಡೆದರೂ ಗಾಯ ಕೂಡಿಕೊಳ್ಳುವ ಈ ಟ್ರೋಲ್ ಆಟಕ್ಕೆ ಬಂದಿದ್ದು ಪೌಲ್ ಆ್ಯಂಡರ್ಸನ್ ಅವರ 1961ರ ಕಾದಂಬರಿಯಿಂದ. ಪುಸ್ತಕದಲ್ಲಿ ಪ್ರತಿ ಸರದಿಗೆ 10 ಪ್ರಾಣಾಂಕ ವಾಪಸ್ ಬರುತ್ತದೆ, ಬೆಂಕಿ ಅಥವಾ ಆ್ಯಸಿಡ್ ತಾಗಿದರೆ ಮಾತ್ರ ನಿಲ್ಲುತ್ತದೆ. ಹುಡುಗ ಕೇಳಿದ್ದು ಒಂದೇ ಮಾತು: "ಸರ್, ಇದು ಬಳ್ಳಾರಿ ಜಾಲಿ ಅಲ್ವಾ?" ಅವರ ಕಡೆ ಹೊಲದ ಬದು, ಕೆರೆ ಅಂಗಳ ಎಲ್ಲ ಕಡೆ ಜಾಲಿ. ಕಡಿದರೆ ಬುಡದಿಂದ ನಾಲ್ಕು ಚಿಗುರು ಏಳುತ್ತದೆ. ಬುಡ ಸಮೇತ ಕೀಳಬೇಕು, ಇಲ್ಲಾ ಸುಡಬೇಕು. ಅವರ ತಾತ ಅದನ್ನು ಸುಟ್ಟು ಇದ್ದಿಲು ಮಾಡಿ ಮಾರುತ್ತಿದ್ದರಂತೆ. ಅವನ ಟ್ರೋಲ್ ಮೊದಲು ಒಬ್ಬ ನೀರುಗಂಟಿ. ಬರಗಾಲದಲ್ಲಿ ಊರು ಬಿಟ್ಟು ಹೋಗಲು ಮನಸ್ಸಿಲ್ಲದೆ, ಯಾರು ಎಷ್ಟು ಕಡಿದರೂ ಇಲ್ಲೇ ಚಿಗುರುವ ಹಾಗೆ ಮಾಡು ಅಂತ ಕೇಳಿಕೊಂಡ. ಮಳೆ ಕೇಳಲು ಮರೆತ. ಈಗ ಒಣಗಿದ ಕೆರೆಯಲ್ಲಿ ಒಬ್ಬನೇ ಕಾವಲು. ಅವನ ಪಾದ ನೆಲ ಮುಟ್ಟಿರುವವರೆಗೆ ಗಾಯ ಕೂಡಿಕೊಳ್ಳುತ್ತದೆ, ಎತ್ತಿ ಹಿಡಿದರೆ ನಿಲ್ಲುತ್ತದೆ. ಆ ಆಟದಲ್ಲಿ ಯಾರೂ ಅವನನ್ನು ಸುಡಲಿಲ್ಲ. ತೂಬು ಎಲ್ಲಿದೆ ಅಂತ ಕೇಳಿದರು. ಅವನು ತೋರಿಸಿದ.

ಲೋಳೆಪೆಟ್ಟಿಗೆಯದು ಸಣ್ಣ ಪುಟ. ಎಲ್ಲ ಕಡೆ 10 ಅಡಿ ಇರುವ, ಕಣ್ಣಿಗೆ ಕಾಣದಷ್ಟು ತಿಳಿಯಾದ ಲೋಳೆ ಅದು. ನಮ್ಮ ನೋಟ್‌ಬುಕ್ಕಿನಲ್ಲಿ ಅದು ಹಾಳುಬಿದ್ದ ಕಲ್ಯಾಣಿಯ ಕೊನೆಯ ನೀರು. ಯಾರೂ ನನ್ನನ್ನು ಕೊಳೆ ಮಾಡಬಾರದು ಅಂತ ಕೇಳಿತು. ಯಾರಾದರೂ ಬರಲಿ ಅಂತ ಕೇಳಲು ಮರೆತಿತು.

ಬೆಂಗಳೂರಿನ ಒಬ್ಬ ಗೆಳೆಯ, ಪುಸ್ತಕದಲ್ಲಿರುವುದನ್ನು ಹೀಗೆಲ್ಲ ಬದಲಿಸಬಾರದು ಅಂದ. ನನಗೆ ಹಾಗೆ ಅನಿಸುವುದಿಲ್ಲ. ಈ ಆಟದ ಮಾನ್‌ಸ್ಟರ್‌ಗಳು ಯಾವತ್ತೂ ಒಂದೇ ಥರ ಇರಲಿಲ್ಲ. 1974ರಲ್ಲಿ ನೋಲ್ ಅನ್ನುವ ಮಾನ್‌ಸ್ಟರ್ ಅಂದರೆ ನೋಮ್ (ಕಥೆಗಳ ಕುಳ್ಳ ಜನ) ಮತ್ತು ಟ್ರೋಲ್ ಬೆರಕೆ ಇರಬಹುದು ಅಂತಷ್ಟೇ ಇತ್ತು. 1977ರ ಪುಸ್ತಕದ ಹೊತ್ತಿಗೆ ಅದೇ ನೋಲ್ ಕತ್ತೆಕಿರುಬ ಆಗಿತ್ತು. ನಾಯಿ ಮುಖದ ಕುಳ್ಳ ಮಾನ್‌ಸ್ಟರ್ ಕೊಬೋಲ್ಡ್ 2000ದ ಹೊಸ ಆವೃತ್ತಿಯಲ್ಲಿ ಡ್ರ್ಯಾಗನ್ನಿನ ನೆಂಟ ಆಯಿತು. ಗೂಬೆಕರಡಿ ಹುಟ್ಟಿದ್ದಂತೂ ಹಾಂಗ್‌ಕಾಂಗ್‌ನ ಅಗ್ಗದ ಪ್ಲಾಸ್ಟಿಕ್ ಗೊಂಬೆ ಪ್ಯಾಕೆಟ್ಟಿನಿಂದ. ಗೈಗ್ಯಾಕ್ಸ್ ಆ ವಿಚಿತ್ರ ಗೊಂಬೆಗಳನ್ನು ಮೇಜಿನ ಮೇಲಿಟ್ಟು, ಇದು ಯಾರು, ಏನು ಮಾಡುತ್ತದೆ ಅಂತ ಯೋಚಿಸಿದ್ದರಿಂದಲೇ ಕಬ್ಬಿಣಕ್ಕೆ ತುಕ್ಕು ಹಿಡಿಸುವ ರಸ್ಟ್ ಮಾನ್‌ಸ್ಟರ್ ಕೂಡ ಬಂತು. ಇದನ್ನು ಸ್ಲೇಟಿನಲ್ಲಿ ಬರೆದು ತೋರಿಸಿದ್ದಕ್ಕೆ ನಮ್ಮ ಹುಡುಗರು ಸಿದ್ಧಗಂಗೆ ಜಾತ್ರೆಯಿಂದ ಒಂದು ಪ್ಯಾಕೆಟ್ ಗೊಂಬೆ ತಂದರು. ಅದರಲ್ಲಿ ಐದು ಕಾಲಿನ ಹಸಿರು ಪ್ರಾಣಿ ಒಂದಿದೆ. ಅದು ಏನು ಕೇಳಿತು ಅಂತ ಇನ್ನೂ ಗೊತ್ತಾಗಿಲ್ಲ.

ಈ ಮಧ್ಯೆ ನನ್ನ ದನಿ ಸ್ವಲ್ಪ ಸ್ವಲ್ಪವೇ ಬಂತು. ಅದಕ್ಕೆ ನನ್ನ ಸ್ಪೀಚ್ ಥೆರಪಿಸ್ಟ್ ಮೇಡಂಗೆ ಎಷ್ಟು ಕೈ ಮುಗಿದರೂ ಸಾಲದು. ಲೋಟದಲ್ಲಿ ಅರ್ಧ ನೀರು, ಅದರಲ್ಲಿ ಸ್ಟ್ರಾ, ಸ್ಟ್ರಾ ಮೂಲಕ 'ಊ' ಅಂತ ಗುಳ್ಳೆ ಎಬ್ಬಿಸಬೇಕು. ದಿನಕ್ಕೆ ಹಲವು ಸಲ, ತಿಂಗಳುಗಟ್ಟಲೆ. ಮೊದಲ ದಿನ ಬರೀ ಗುಳ್ಳೆ ಬಂತು, ದನಿ ಬರಲಿಲ್ಲ. ಅಮ್ಮ ಎದುರು ಕೂತು ತಾವೂ ಒಂದು ಲೋಟ ಇಟ್ಟುಕೊಂಡು ನನ್ನ ಜೊತೆ ಗುಳ್ಳೆ ಊದುತ್ತಿದ್ದರು. ಅಮ್ಮ, ನಿನಗೆ ಏನು ಹೇಳಲಿ.

ಇನ್ನು ಗೂಬೆಕರಡಿ. ಅದರ ಪುಟ ಬರೆದಿದ್ದು ಒಂಬತ್ತನೇ ಕ್ಲಾಸಿನ ಹುಡುಗ. ಅವನು ಮೊದಲಿಂದಲೂ ಜಾಸ್ತಿ ಮಾತಾಡುವವನಲ್ಲ. ಎರಡು ಪ್ರಶ್ನೆ ಇರುವ ಜಾಗದಲ್ಲಿ ಅವನು 'ಏನೂ ಕೇಳಲಿಲ್ಲ' ಅಂತ ಬರೆದಿದ್ದ. ಕೆಳಗೆ ಹೀಗಿತ್ತು. ದೇವರಾಯನದುರ್ಗದ ತಪ್ಪಲಲ್ಲಿ ಒಂದು ಕರಡಿ ಇತ್ತು. ಗೆದ್ದಲು, ಜೇನು, ಹಣ್ಣು ತಿಂದುಕೊಂಡು ತನ್ನ ಪಾಡಿಗಿತ್ತು. ಊರಲ್ಲಿ ಕುರಿ ಕಳುವಾಯಿತು. ಕದ್ದವರು ಕರಡಿ ಮೇಲೆ ಗೂಬೆ ಕೂರಿಸಿದರು. ಕೂತ ಗೂಬೆ ಮತ್ತೆ ಏಳಲಿಲ್ಲ. ರಾತ್ರಿ ಗೂಬೆ ಮಲಗಲು ಬಿಡುವುದಿಲ್ಲ, ಹಗಲು ಜನ ಮಲಗಲು ಬಿಡುವುದಿಲ್ಲ.

ಓದಿ ನಾನು ತುಂಬ ಹೊತ್ತು ಆ ಪುಟ ಹಿಡಿದುಕೊಂಡೇ ಕೂತಿದ್ದೆ. ನನ್ನ ಬಗ್ಗೆ ಊರಲ್ಲಿ ಏನು ಮಾತಿದೆ ಅಂತ ಅವನಿಗೆ ಗೊತ್ತಿತ್ತು. ಅದರ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ.

ಅವನ ನಿಯಮ ಇದು: ಆಡುವವರಲ್ಲಿ ಯಾರಾದರೂ ತಮ್ಮ ಪಾತ್ರ ಮಾಡಿದ ಒಂದು ತಪ್ಪನ್ನು ಎಲ್ಲರ ಮುಂದೆ ಒಪ್ಪಿಕೊಂಡರೆ ಆ ಸರದಿಯಲ್ಲಿ ಕೊಕ್ಕಿನ ಏಟು ಇಲ್ಲ. ಮೂರು ಜನ ಒಪ್ಪಿಕೊಂಡರೆ ಗೂಬೆ ಹಾರಿಹೋಗುತ್ತದೆ. ಇದನ್ನು ನೂರನೇ ಆಟಕ್ಕೆ ಅಂತ ಎತ್ತಿಟ್ಟಿದ್ದೆವು. ಮೊನ್ನೆ ಮೊದಲು ಕಳ್ಳನ ಪಾತ್ರದವನು ಹಳೇ ಆಟದಲ್ಲಿ ಮುಚ್ಚಿಟ್ಟ ಬೆಳ್ಳಿ ನಾಣ್ಯದ ವಿಷಯ ಹೇಳಿದ. ಎರಡನೆಯದು ತಿಪಟೂರಿನ ಹುಡುಗಿ, ಗೆಳತಿಯನ್ನು ಸುರಂಗದಲ್ಲಿ ಬಿಟ್ಟು ಓಡಿದ್ದು. ಮೂರನೆಯದಕ್ಕೆ ಯಾರೂ ಬಾಯಿ ಬಿಡಲಿಲ್ಲ. ಗೂಬೆಕರಡಿಗೆ ಇನ್ನೂ 31 ಪ್ರಾಣಾಂಕ ಉಳಿದಿತ್ತು, ನಮ್ಮವರು ಇಬ್ಬರು ಬಿದ್ದಿದ್ದರು. ಆಗ ಅಜ್ಜಿ ಬಾಗಿಲಿಂದಲೇ ಅಂದರು, "ನಾನು ಹೇಳಬೋದಾ? ಮೊದಮೊದಲು ಮೇಷ್ಟ್ರ ಆಟ ಸರಿಯಿಲ್ಲ ಅಂತ ಬೀದಿಲಿ ನಾನೂ ಅಂದಿದ್ದೆ."

ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಆ ಹುಡುಗ ನನ್ನ ಮುಖ ನೋಡಿದ, ಅಜ್ಜಿಯ ಮಾತು ಲೆಕ್ಕಕ್ಕೆ ಬರುತ್ತಾ ಅಂತ. ನಾನು ಸ್ಲೇಟು ಪಕ್ಕಕ್ಕಿಟ್ಟೆ. ನನ್ನ ಈಗಿನ ದನಿ ಮೊದಲಿನ ಹಾಗಿಲ್ಲ, ಸ್ವಲ್ಪ ಒರಟು. ಆ ದನಿಯಲ್ಲೇ ಹೇಳಿದೆ, "ಗೂಬೆ ಹಾರಿತು."

ಕೋಣೆ ಕೊಟ್ಟು ಇಷ್ಟು ವರ್ಷದಲ್ಲಿ ಒಂದು ರೂಪಾಯಿ ಬಾಡಿಗೆ ಕೇಳದ ಅಣ್ಣನಿಗೆ, ಕೆಲಸ ಹೋದ ತಿಂಗಳು ಮಕ್ಕಳನ್ನು ಮನೆಪಾಠಕ್ಕೆ ಕಳಿಸಿದ ತಂದೆ ತಾಯಿಯರಿಗೆ, ಯಾರು ಏನೇ ಅಂದರೂ ಭಾನುವಾರ ತಪ್ಪಿಸದೆ ಬಂದ ಎಂಟು ಜನಕ್ಕೆ, ಅಜ್ಜಿಗೆ, ಮನಸ್ಸು ತುಂಬಿ ನಮಸ್ಕಾರ.

ಮುಂದಿನ ಭಾನುವಾರ ಎಂದಿನಂತೆ ಹತ್ತು ಗಂಟೆಗೆ. ಕಲ್ಯಾಣಿ ಮೆಟ್ಟಿಲ ಹತ್ತಿರ ನಿಲ್ಲಿಸಿದ್ದೇವೆ, ಅಲ್ಲಿಂದ ಮುಂದುವರಿಸೋಣ. ನೋಟ್‌ಬುಕ್ ತಿಪಟೂರಿನ ಹುಡುಗಿ ಹತ್ತಿರ ಇದೆ. ಅಜ್ಜಿಗೆ ಈ ಸಲ ಚಾಪೆ ಬೇಡ, ಒರಗುವ ಕುರ್ಚಿ ತರುತ್ತೇನೆ. ಅವರೂ ಒಂದು ಪಾತ್ರ ಹಾಕುತ್ತಾರಂತೆ.