ಹಲ್ಲು ಹೇಳುವುದು ಹಳೇ ನೀರಿನ ಲೆಕ್ಕ

ಕೋಲಾರ

ಚಿ. ಸಹನಾಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನೀನು ಕಳಿಸಿದ ನಿನ್ನ ಪಿಎಚ್‌.ಡಿ. ಸಿನಾಪ್ಸಿಸ್, ಅಂದರೆ ಸಂಶೋಧನೆಯ ರೂಪರೇಷೆ, ನಿಧಾನವಾಗಿ ಕೂತು ಓದಿದೆ. ನಿಮ್ಮಮ್ಮ ಫೋನ್ ಮಾಡಿ, "ಎಂಬಿಎ ಓದಿದವಳಿಗೆ ಹಲ್ಲು, ನೀರು, ಕೆರೆ ಎಲ್ಲ ಯಾಕಕ್ಕಾ ಬೇಕಿತ್ತು? ನೀನಾದರೂ ಹೇಳು" ಅಂದಳು. ಬೇಕಿತ್ತು ಅಂತಲೇ ಅವಳಿಗೆ ಹೇಳಿದ್ದೇನೆ. ನೀನು ಹಿಡಿದಿರುವ ವಿಷಯ ನಮ್ಮ ಜಿಲ್ಲೆಗೆ ಬೇಕಾದ ವಿಷಯ. ಆದರೆ ಅದನ್ನು ಕಟ್ಟಿರುವ ರೀತಿಯಲ್ಲಿ ಕೆಲವು ಕಡೆ ನನಗೆ ಭಯ ಆಯ್ತು. ಇಷ್ಟು ವರ್ಷ ಮೆಡಿಕಲ್ ಕಾಲೇಜಿನಲ್ಲಿ ಮಕ್ಕಳಿಗೆ ಪಾಠ ಹೇಳಿ, ಅವರನ್ನು ಹಳ್ಳಿ ಹಳ್ಳಿಗೆ ಕರೆದುಕೊಂಡು ಹೋದವಳು ನಾನು. ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ನಮ್ಮ ಕಡೆ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೆರೆ ಬತ್ತಿದ ಮೇಲೆ ಜನ ಬೋರ್‌ವೆಲ್ ಕೊರೆಸಿದರು. ಸಾವಿರ ಅಡಿ ದಾಟಿದರೂ ಕೊರೆಸಿದರು. ಅಷ್ಟು ಆಳದ ಕಲ್ಲಿನ ಸಂದಿಯಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಅದು ಜಾಸ್ತಿಯಾದರೆ ಬೆಳೆಯುವ ಮಕ್ಕಳ ಹಲ್ಲಿನಲ್ಲಿ ಕಲೆ ಬೀಳುತ್ತದೆ. ಒಂದು ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ, ಬೇರೆ ನೀರೇ ಇಲ್ಲ ಅಂದರೆ 1.5ರವರೆಗೆ, ಅಂತ ನಮ್ಮ ಕುಡಿಯುವ ನೀರಿನ ಮಾನದಂಡ ಹೇಳುತ್ತದೆ. ಅದಕ್ಕಿಂತ ಜಾಸ್ತಿ ಇರುವ ಊರುಗಳಿಗೆ ನೀರು ಶುದ್ಧ ಮಾಡುವ ಆರ್‌ಒ ಘಟಕ ಬಂತು. ಕಾಯಿನ್ ಹಾಕಿದರೆ ಒಂದು ಕ್ಯಾನ್ ಫಿಲ್ಟರ್ ನೀರು. ರೋಗ ವೈದ್ಯರದ್ದು, ನೀರು ಪರಿಸರದವರದ್ದು, ಘಟಕ ಯಾರು ನಡೆಸುತ್ತಾರೆ ಅನ್ನುವುದು ನಿಮ್ಮ ಮ್ಯಾನೇಜ್‌ಮೆಂಟಿನವರದ್ದು. ಈ ಮೂರನ್ನೂ ಒಟ್ಟಿಗೆ ನೋಡುತ್ತೇನೆ ಅಂತ ಹೊರಟಿದ್ದೀಯ. ತುಂಬಾ ಸಂತೋಷ ಕಣಮ್ಮ.

ಈಗ ನನ್ನ ಭಯ ಹೇಳುತ್ತೇನೆ. ಘಟಕ ಚೆನ್ನಾಗಿ ನಡೆಯುವ ಊರು, ಕೆಟ್ಟು ನಿಂತ ಊರು, ಎರಡೂ ಕಡೆ ಹೈಸ್ಕೂಲು ಮಕ್ಕಳ ಹಲ್ಲು ನೋಡಿ ಹೋಲಿಸುತ್ತೇನೆ ಅಂತ ಬರೆದಿದ್ದೀಯ. ಹದಿಮೂರು ವರ್ಷದ ಹುಡುಗನ ಮುಂದಿನ ಹಲ್ಲಿನಲ್ಲಿ ಕಾಣುವ ಕಲೆ ಇವತ್ತಿನ ನೀರಿನದ್ದಲ್ಲ. ಆ ಹಲ್ಲಿನ ಎನಾಮಲ್, ಅಂದರೆ ಮೇಲಿನ ಗಟ್ಟಿ ಪದರ, ಒಸಡಿನೊಳಗೆ ಕಟ್ಟಿಕೊಳ್ಳುವುದು ಅವನು ಎರಡು ಮೂರು ವರ್ಷದ ಕೂಸಾಗಿದ್ದಾಗ. ಆಗ ಕುಡಿದ ನೀರು ಅದರಲ್ಲಿ ಉಳಿದುಬಿಡುತ್ತದೆ. ಮಿಕ್ಕ ಹಲ್ಲುಗಳದ್ದೂ ಹೆಚ್ಚುಕಡಿಮೆ ಎಂಟು ವರ್ಷದೊಳಗೆ ಮುಗಿಯುತ್ತದೆ. ಘಟಕ ಬಂದು ಐದು ವರ್ಷ ಆಗಿದ್ದರೆ, ನೀನು ನೋಡುತ್ತಿರುವುದು ಘಟಕ ಬರುವುದಕ್ಕೆ ಮುಂಚಿನ ಹಲ್ಲು. ಘಟಕದಿಂದ ಏನೂ ಪ್ರಯೋಜನ ಆಗಿಲ್ಲ ಅಂತ ನಿನ್ನ ಕಂಪ್ಯೂಟರ್ ಹೇಳುತ್ತದೆ, ನೀನೂ ಹಾಗೇ ಬರೆಯುತ್ತೀಯ. ಅದನ್ನು ಓದಿದ ಯಾರೋ ಒಬ್ಬರು ಘಟಕದ ದುಡ್ಡು ನಿಲ್ಲಿಸಿದರೆ? ಈಚೆಗೆ ದೇಹಕ್ಕೆ ಎಷ್ಟು ಫ್ಲೋರೈಡ್ ಹೋಗಿದೆ ಅಂತ ತಿಳಿಯಬೇಕಾದರೆ ಮೂತ್ರ ಪರೀಕ್ಷೆ ಇದೆ. ಹಲ್ಲೇ ನೋಡಬೇಕು ಅಂದರೆ ಘಟಕ ಬಂದ ಮೇಲೆ ಹುಟ್ಟಿದ ಮಕ್ಕಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ತನಕ ಕಾಯಬೇಕು. ನಿನ್ನ ಪಿಎಚ್‌.ಡಿ. ಅಷ್ಟು ದಿನ ಕಾಯುವುದಿಲ್ಲ, ಗೊತ್ತು. ಹಾಗಾದರೆ ಪ್ರಶ್ನೆಯನ್ನೇ ಬದಲಾಯಿಸು.

ಹಲ್ಲು ನೋಡುವ ಕೆಲಸವನ್ನು ನೀನೊಬ್ಬಳೇ ಮಾಡಬೇಡ. ದಂತವೈದ್ಯರೊಬ್ಬರು ಜೊತೆಗಿರಲಿ. ಫ್ಲೋರೈಡಿನ ಗೆರೆ ಹಲ್ಲಿಗೆ ಅಡ್ಡಡ್ಡ ಇರುತ್ತದೆ, ಎಡಬಲ ಎರಡೂ ಕಡೆಯ ಜೋಡಿ ಹಲ್ಲಿನಲ್ಲಿ ಒಂದೇ ಥರ ಇರುತ್ತದೆ, ಉಜ್ಜಿದರೆ ಹೋಗುವುದಿಲ್ಲ. ಒಂದೇ ಹಲ್ಲಿನ ಕಲೆ, ಒಸಡಿನಂಚಿನ ಕೊಳೆ ಬೇರೆ. ಮೊದಲ ಸಲ ನೋಡುವವರು ಎಲ್ಲವನ್ನೂ ಫ್ಲೋರೋಸಿಸ್, ಅಂದರೆ ಫ್ಲೋರೈಡಿನ ಕಾಯಿಲೆ, ಅಂತಲೇ ಬರೆದುಬಿಡುತ್ತಾರೆ.

ಎರಡನೇ ಮಾತು ರಿಜಿಸ್ಟರಿನದ್ದು. ಘಟಕ ತಿಂಗಳಿಗೆ ಎಷ್ಟು ದಿನ ಕೆಟ್ಟಿತ್ತು ಅನ್ನುವುದನ್ನು ಪಂಚಾಯಿತಿ ರಿಜಿಸ್ಟರಿನಿಂದ ತೆಗೆದುಕೊಳ್ಳುತ್ತೇನೆ ಅಂದಿದ್ದೀಯ. ಅಂಥ ರಿಜಿಸ್ಟರುಗಳನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಒಂದು ಊರಿನದರಲ್ಲಿ ಇಡೀ ತಿಂಗಳು ಒಂದೇ ಪೆನ್ನು, ಒಂದೇ ಓರೆ, ಒಂದೇ ಮಾತು: "ಸರಿ ಇದೆ". ಹೊರಗೆ ಘಟಕದ ಬಾಗಿಲಿಗೆ ಬೀಗ, ಬೀಗದ ಮೇಲೆ ಜೇಡರ ಬಲೆ. ಇನ್ನೊಂದು ಊರಿನದರಲ್ಲಿ ಪುಟ ತುಂಬ ದೂರು: ಮೋಟರ್ ಸುಟ್ಟಿದೆ, ಮೆಂಬ್ರೇನ್ ಬದಲಾಯಿಸಬೇಕು, ಕಾಯಿನ್ ಬಾಕ್ಸ್ ಜಾಮ್. ಆ ಊರಿನ ಜನ ದಿನಾ ಅಲ್ಲೇ ನೀರು ಹಿಡಿಯುತ್ತಿದ್ದರು. ಲೆಕ್ಕಕ್ಕೆ ಹಾಕಿದರೆ ಮೊದಲನೇ ಊರು ಉತ್ತಮ, ಎರಡನೆಯದು ಕಳಪೆ ಅಂತ ಬರುತ್ತದೆ.

ಇದನ್ನು ನಿಮ್ಮ ಶಾಸ್ತ್ರದವರೇ ಚೆನ್ನಾಗಿ ತೋರಿಸಿಕೊಟ್ಟಿದ್ದಾರೆ. ಆಮಿ ಎಡ್ಮಂಡ್ಸನ್ ಅನ್ನುವ ಅಮೆರಿಕದ ಸಂಶೋಧಕಿ ಆಸ್ಪತ್ರೆಯ ನರ್ಸುಗಳ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡಿದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರಬೇಕು ಅಲ್ವಾ? ಅಲ್ಲೇ ಜಾಸ್ತಿ ಕಂಡಿತು. ಕಾರಣ ಹುಡುಕಿದರೆ, ಆ ತಂಡಗಳಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳಲು ಯಾರಿಗೂ ಹೆದರಿಕೆ ಇರಲಿಲ್ಲ. ಮಿಕ್ಕ ಕಡೆ ಮುಚ್ಚಿಡುತ್ತಿದ್ದರು. 1996ರಲ್ಲಿ ಪ್ರಕಟವಾದ ಆ ಪ್ರಬಂಧವನ್ನು ಹುಡುಕಿ ಓದು. ಆಮೇಲೆ ವಾಟರ್‌ಮ್ಯಾನ್ ಹತ್ತಿರ ಹೋಗಿ ಕೂತುಕೋ. ಕೆಟ್ಟಿದೆ ಅಂತ ಬರೆದರೆ ಅವನಿಗೆ ಏನಾಗುತ್ತದೆ, ಸಂಬಳ ಯಾರು ಕೊಡುತ್ತಾರೆ, ಎಷ್ಟು ತಿಂಗಳಿಗೊಮ್ಮೆ ಕೈಗೆ ಬರುತ್ತದೆ, ಇದನ್ನೆಲ್ಲ ಕೇಳು. ನಿನ್ನ ಆರ್ಗನೈಸೇಶನ್ ಸ್ಟಡಿ ಅಲ್ಲಿದೆ. ಒಂದರಿಂದ ಐದರವರೆಗೆ ಅಂಕ ಹಾಕಿಸುವ ಪ್ರಶ್ನಾವಳಿಯಲ್ಲಿ ಅದು ಸಿಕ್ಕುವುದಿಲ್ಲ.

ಅವನು ಟಿಡಿಎಸ್ ಮೀಟರ್ ಅದ್ದಿ ತೋರಿಸುತ್ತಾನೆ. ಅದು ನೀರಿನಲ್ಲಿ ಕರಗಿದ ಉಪ್ಪಿನಂಶವನ್ನೆಲ್ಲ ಒಟ್ಟಿಗೆ ಅಂದಾಜು ಮಾಡುತ್ತದೆ, ಫ್ಲೋರೈಡನ್ನು ಬೇರೆಯಾಗಿ ಹೇಳುವುದಿಲ್ಲ. ಅದನ್ನು ನಂಬಿ ಬರೆಯಬೇಡ, ಲ್ಯಾಬಿಗೆ ಕಳಿಸು. ಘಟಕದಿಂದ ಹೊರಗೆ ಹೋಗುವ ವೇಸ್ಟ್ ನೀರನ್ನೂ ಒಂದು ಬಾಟಲಿಯಲ್ಲಿ ಹಿಡಿ. ಆರ್‌ಒ ಫ್ಲೋರೈಡನ್ನು ಮಾಯ ಮಾಡುವುದಿಲ್ಲ, ಆ ನೀರಿಗೆ ತಳ್ಳುತ್ತದೆ. ಅಷ್ಟು ಆಳದಿಂದ ಕರೆಂಟು ಸುಟ್ಟು ಎತ್ತಿದ ನೀರು ಅದು. ಚರಂಡಿಗೆ ಹೋಗುತ್ತದೋ, ದನದ ತೊಟ್ಟಿಗೆ ಹೋಗುತ್ತದೋ, ಎಷ್ಟು ಹೋಗುತ್ತದೆ ಅಂತ ಅಳೆದು ಬರೆ. ಸಸ್ಟೈನಬಿಲಿಟಿ ಅಂತ ನೀನು ಸಿನಾಪ್ಸಿಸ್‌ನಲ್ಲಿ ಮತ್ತೆ ಮತ್ತೆ ಹಾಕಿದ್ದೀಯ, ಈ ನೀರಿನ ಬಗ್ಗೆ ಒಂದು ಸಾಲೂ ಇಲ್ಲ.

ಇನ್ನೊಂದು ಓದಲೇಬೇಕು. ಈಗಿನ ತೆಲಂಗಾಣದ ನಲ್ಗೊಂಡ ಕಡೆ ಹುಡುಗರಿಗೆ ಮಂಡಿ ಒಳಕ್ಕೆ ಬಾಗಿ ನಡೆಯಲು ಕಷ್ಟವಾಗುವ ಕಾಯಿಲೆ ಕಾಣಿಸಿಕೊಂಡಿತ್ತು. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಅದರ ಹಿಂದೆ ಬಿದ್ದರು. ನೀರಿನ ಫ್ಲೋರೈಡಿಗೆ ನಿಲ್ಲದೆ ಊಟಕ್ಕೆ ಹೋದರು, ಊಟದಿಂದ ಜೋಳಕ್ಕೆ, ಜೋಳದಿಂದ ಮಣ್ಣಿಗೆ, ಮಣ್ಣಿನಿಂದ ನಾಗಾರ್ಜುನಸಾಗರ ಅಣೆಕಟ್ಟಿಗೆ. ಅಣೆಕಟ್ಟು ತುಂಬಿದ ಮೇಲೆ ಅಂತರ್ಜಲ ಮೇಲೆ ಬಂದು ಮಣ್ಣಿನ ಗುಣ ಬದಲಾಗಿ, ಜೋಳದಲ್ಲಿ ಮಾಲಿಬ್ಡಿನಮ್ ಅನ್ನುವ ಲೋಹದಂಶ ಹೆಚ್ಚಾಗಿ, ಮಕ್ಕಳ ದೇಹದಲ್ಲಿ ತಾಮ್ರದಂಶಕ್ಕೆ ಕುತ್ತು ಬಂದಿರಬಹುದು ಅಂದರು. ಮೂರು ಶಾಸ್ತ್ರ ಸೇರಿಸುವುದು ಅಂದರೆ ನನ್ನ ಪ್ರಕಾರ ಇದು. ಕಾಯಿಲೆಯ ಜಾಡು ಕರೆದುಕೊಂಡು ಹೋದ ಕಡೆಗೆ ಅವರು ಹೋದರು. 2018ರಿಂದ ನಮ್ಮಲ್ಲೂ ಕೆ.ಸಿ. ವ್ಯಾಲಿಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಕೆರೆ ಕೆರೆಗೆ ಹರಿಯುತ್ತಿದೆ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿದ ನೀರು, ಮೂರನೇ ಹಂತವೂ ಬೇಕು ಅಂತ ಜನ ಹೋರಾಡುತ್ತಿದ್ದಾರೆ. ನೀನು ಆರಿಸಿದ ಊರುಗಳಲ್ಲಿ ಯಾವುದು ಆ ಕೆರೆಗಳ ಪಕ್ಕ ಇದೆ, ಯಾವುದು ಇಲ್ಲ ಅಂತ ಗುರುತು ಹಾಕಿಕೋ. ಇಲ್ಲದಿದ್ದರೆ ಬೋರ್‌ವೆಲ್ ನೀರು ಬದಲಾದದ್ದು ಯಾಕೆ ಅಂತ ನಿನಗೇ ಗೊತ್ತಾಗುವುದಿಲ್ಲ.

ಗೈಡ್ ಇಬ್ಬರು ಇದ್ದಾರೆ, ಇಬ್ಬರೂ ಬೇರೆ ಬೇರೆ ಹೇಳುತ್ತಾರೆ ಅಂತ ಅತ್ತಿದ್ದೆಯಂತೆ. ಅಳಬೇಡ. ಇಬ್ಬರನ್ನೂ ಒಂದೇ ರೂಮಿನಲ್ಲಿ ಕೂರಿಸಿ ಮಾತಾಡಿಸು, ಆಗಿದ್ದನ್ನು ಬರೆದು ಇಬ್ಬರಿಗೂ ಕಳಿಸು.

ಎಲ್ಲ ವಿಷಯಕ್ಕೂ ಒಂದೇ ಜರ್ನಲ್, ದುಡ್ಡು ಕಟ್ಟಿದರೆ ವಾರದಲ್ಲಿ ಪ್ರಕಟಣೆ, ಅಂಥ ಮೆಸೇಜು ಬಂದರೆ ಅಳಿಸಿಹಾಕು. 2018ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ತಾನು ಒಪ್ಪಿದ ಜರ್ನಲ್‌ಗಳ ಪಟ್ಟಿಯಿಂದ ಒಂದೇ ಏಟಿಗೆ 4,305 ಜರ್ನಲ್‌ಗಳನ್ನು ಕೈಬಿಟ್ಟಿತ್ತು. 2022ರ ನಿಯಮದಲ್ಲಿ ಥೀಸಿಸ್ ಕೊಡುವ ಮುಂಚೆ ಪೇಪರ್ ಪ್ರಕಟಿಸಲೇಬೇಕು ಅನ್ನುವುದನ್ನೂ ಯುಜಿಸಿ ತೆಗೆದಿದೆ. ನಿನ್ನ ವಿಶ್ವವಿದ್ಯಾಲಯ ಏನು ಕೇಳುತ್ತದೆ ಅಂತ ವಿಚಾರಿಸು. ಗಾಬರಿಯಲ್ಲಿ ಎಲ್ಲೋ ದುಡ್ಡು ಸುರಿಯಬೇಡ. ಶೋಧಗಂಗಾ ಅನ್ನುವ ವೆಬ್‌ಸೈಟಿನಲ್ಲಿ ಹಳೇ ಥೀಸಿಸ್‌ಗಳು ಸುಮ್ನೆ ಸಿಗುತ್ತವೆ, ಫ್ಲೋರೈಡ್ ಬಗ್ಗೆ ಇರುವುದನ್ನೆಲ್ಲ ತೆಗೆದು ಓದು.

ಎಥಿಕ್ಸ್ ಕಮಿಟಿ ಒಪ್ಪಿಗೆ ಬರುವ ತನಕ ಒಂದು ಮಗುವಿನ ಬಾಯಿಯನ್ನೂ ತೆಗೆಸಬೇಡ. ತಾಯಿ ತಂದೆಗೆ ಕನ್ನಡದಲ್ಲಿ, ತೆಲುಗು ಮನೆಮಾತಿನವರಿಗೆ ತೆಲುಗಿನಲ್ಲಿ ಹೇಳಿ ಸಹಿ ಹಾಕಿಸಿಕೋ. ಹಲ್ಲಿನ ಕಲೆಯಿಂದ ಸಂಬಂಧ ತಪ್ಪಿಹೋದ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ. ನಗುವಾಗ ಸೆರಗು ಬಾಯಿಗೆ ಹಿಡಿಯುತ್ತಾರೆ. ಆದ್ದರಿಂದ ತರಗತಿಯ ಎದುರು ನಿಲ್ಲಿಸಿ ಹಲ್ಲು ನೋಡಬೇಡ, ಬೇರೆ ಕೋಣೆಯಲ್ಲಿ ಒಬ್ಬೊಬ್ಬರನ್ನೇ ನೋಡು. ಊರಿನ ಹೆಸರು ಹಾಕಿ ಫೋಟೋ ಪ್ರಕಟಿಸಬೇಡ. ನೀರಿನ ರಿಪೋರ್ಟ್ ಬಂದ ವಾರವೇ ಆ ಊರಿನ ಪಿಡಿಒಗೆ, ಶಾಲೆಗೆ ಒಂದೊಂದು ಪ್ರತಿ ಕೊಡು. ಥೀಸಿಸ್ ಮುಗಿಯಲಿ ಅಂತ ಕಾಯುವಷ್ಟು ಪುರುಸೊತ್ತು ಕುಡಿಯುವ ನೀರಿಗೆ ಇಲ್ಲ.

ಮುಂದಿನ ತಿಂಗಳು ಬಂದಾಗ ಸಿನಾಪ್ಸಿಸ್ ಪ್ರಿಂಟ್ ತೆಗೆದುಕೊಂಡು ಬಾ. ಅಷ್ಟರೊಳಗೆ ಪ್ರತಿ ಊರಿಗೂ ಘಟಕ ಯಾವ ವರ್ಷ ಶುರುವಾಯ್ತು ಅಂತ ಒಂದು ಪಟ್ಟಿ ಮಾಡಿಕೋ. ಅದನ್ನು ಪಕ್ಕದಲ್ಲಿಟ್ಟುಕೊಂಡು ಪ್ರಶ್ನೆಗಳನ್ನು ಇಬ್ಬರೂ ಕೂತು ತಿದ್ದೋಣ. ಒಂದು ಬೆಳಿಗ್ಗೆ ಮುಳಬಾಗಿಲು ಕಡೆ ಯಾವುದಾದರೂ ಊರಿಗೆ ಹೋಗಿ ಬರೋಣ, ನಾನೂ ಬರುತ್ತೇನೆ.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ